ಹಾಡಿ ಕಡಿಸುವ ಮೊದಲು

ಲೈಪ್‌ಜಿಗ್, ಜರ್ಮನಿ

ತೀರ್ಥರೂಪ ಅಪ್ಪಯ್ಯನವರಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಮನೆ ಹಿಂದಿನ ಮರಗಾಡು, ನಮ್ಮ ಹಾಡಿ, ಕಡಿಸಿದರೆ ಬಾವಿಯಲ್ಲಿ ನೀರು ಏರುತ್ತದೆಂದು ತಮ್ಮ ಹಟ ಹಿಡಿದಿದ್ದಾನಂತೆ, ಅಮ್ಮ ಹೇಳಿದಳು. ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವನು ಹೇಳುವುದು ಪೂರ್ತಿ ಸುಳ್ಳೇನಲ್ಲ. ಮರ ನೀರು ಕುಡಿಯುತ್ತದೆ, ಹುಲ್ಲಿಗಿಂತ ಆಳದಿಂದ ಕುಡಿಯುತ್ತದೆ. 2018ರ ಬರದಲ್ಲಿ ಇಲ್ಲಿಯ ಹುಲ್ಲುಗಾವಲೆಲ್ಲ ನಡುಬೇಸಿಗೆಗೇ ಕಂದಾಗಿತ್ತು. ಆದರೆ ಹುಲ್ಲಿಗೆ ಬೇಕಾದದ್ದು ಮೇಲ್ಮಣ್ಣಿನ ತೇವ. ನಾಲ್ಕು ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಕಾಡಿನದು ಹಾಗಲ್ಲ. ನೋಡಲು ಹಸಿರೇ, ಒಳಗೊಳಗೆ ಅಡಿಮಣ್ಣು ಒಣಗುತ್ತಿರುತ್ತದೆ. ಇಲ್ಲಿಯ ಸಂಶೋಧನಾ ಕೇಂದ್ರದವರು ಬರಕ್ಕೆ ಎರಡು ನಕ್ಷೆ ಮಾಡುತ್ತಾರೆ: ಒಂದು ಮೇಲಿನ 25 ಸೆಂ.ಮೀ. ಮಣ್ಣಿಗೆ, ಇನ್ನೊಂದು ಸುಮಾರು 1.8 ಮೀಟರ್ ಆಳದವರೆಗೆ. ಮಳೆ ಬಂದ ವಾರದಲ್ಲಿ ಮೊದಲನೆಯದರಲ್ಲಿ ಬರ ತೋರಿಸುವ ಕೆಂಪು ಇಳಿದರೂ ಎರಡನೆಯದರದ್ದು ಹಾಗೇ ಇರುತ್ತದೆ. ಹಾರ್ಟ್ಸ್ ಬೆಟ್ಟದಲ್ಲಿ ಮೇಲುಬೇರಿನ ಸ್ಪ್ರೂಸ್ ಮರಗಳಿಗೆ ಅಂಟು ಸುರಿಸಿ ತೊಗಟೆ ಕೊರೆಯುವ ದುಂಬಿ ತಡೆಯುವ ಕಸುವೂ ಉಳಿಯದೆ, ಗುಡ್ಡಕ್ಕೆ ಗುಡ್ಡವೇ ಬೋಳಾಯಿತು. ಜೌಗಿನ ಕಪ್ಪು ಮಣ್ಣಂತೂ ಪೂರ್ತಿ ಒಣಗಿದರೆ ನೀರನ್ನೇ ಒಲ್ಲೆ ಅನ್ನುತ್ತದೆ. ಹೊಯ್ದ ನೀರು ಕೆಸುವಿನೆಲೆ ಮೇಲಿನ ಹಾಗೆ ಗುಂಡಾಗಿ ಜಾರುತ್ತದೆ.

ನಮ್ಮ ಲೆಕ್ಕ ಬೇರೆ. ಇಲ್ಲಿ ವರ್ಷಕ್ಕೆ 600 ಮಿ.ಮೀ. ಮಳೆ ಬಂದರೆ ದೊಡ್ಡದು, ಉಡುಪಿಗೆ ಸುಮಾರು 4000, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದರೂ 2019ರ ಬೇಸಿಗೆಯಲ್ಲಿ ಬಜೆ ಅಣೆಕಟ್ಟು ಬತ್ತಿ ಪೇಟೆಯವರು ಟ್ಯಾಂಕರ್ ಕಾಯಲಿಲ್ಲವೇ? ಮುರಕಲ್ಲಿನ ನೆಲ ನೀರು ಕುಡಿದಷ್ಟೇ ಬೇಗ ಬಿಟ್ಟುಕೊಡುತ್ತದೆ. ಮೊದಲು ಮೇಲಿನ ಬೆಟ್ಟುಗದ್ದೆ ಒಣಗಿ, ಆಮೇಲೆ ನಡುವಿನ ಮಜಲು, ಕೊನೆಗೆ ತಗ್ಗಿನ ಬೈಲು. ನಿಮಗೆ ನಾನು ಹೇಳಬೇಕೆ!

ಹಾಡಿ ಕಡಿದರೆ ಮೊದಲ ವರ್ಷ ಬಾವಿ ತುಸು ಏರಿದರೂ ಏರೀತು. ಆದರೆ ತರಗೆಲೆ, ಬೇರು ಇಲ್ಲದ ಇಳಿಜಾರಿಗೆ ಜುಲೈ-ಆಗಸ್ಟ್‌ನ ಆಟಿಯ ಮಳೆ ಹೊಡೆದರೆ ಇಂಗುವುದು ಕಡಿಮೆ, ಮಣ್ಣು ಸಮೇತ ತೋಡಿಗೆ ಹೋಗುವುದೇ ಹೆಚ್ಚು. ಕಡಿಯಲೇಬೇಕೆಂದರೆ ದರೆಯ ಬದಿಯ ಅಕೇಶಿಯಾ ಕಡಿಯಲಿ, ನನಗೂ ಅದನ್ನು ಕಂಡರಾಗದು. ಹಲಸು, ಹೊನ್ನೆ, ಬೋಗಿ ಮುಟ್ಟುವುದು ಬೇಡ. ತರಗೆಲೆಯನ್ನೂ ಪೂರ್ತಿ ಗುಡಿಸಿ ತೋಟಕ್ಕೆ ಹಾಕಬೇಡಿ, ಅರ್ಧ ಅಲ್ಲೇ ಇರಲಿ.

ಹಗ್ಗಕ್ಕೆ ಗಂಟು ಹಾಕಿ, ಜನವರಿಯಿಂದ ಮೇ ಕೊನೆಯ ಪತ್ತನಾಜೆವರೆಗೆ ವಾರಕ್ಕೊಮ್ಮೆ ಬಾವಿಯ ಮಟ್ಟ ಬರೆದಿಡಲು ತಮ್ಮನಿಗೆ ಹೇಳಿ. ಆಮೇಲೆ ಜಗಳವಾಡೋಣ. ಮರದವನಿಂದ ಮುಂಗಡ ತೆಗೆದುಕೊಂಡಿದ್ದರೆ ವಾಪಸು ಕೊಟ್ಟುಬಿಡಿ, ಹಣ ನಾನು ಹಾಕುತ್ತೇನೆ.

ಅಮ್ಮನ ಮಂಡಿನೋವು ಹೇಗಿದೆ?

ಇಂತಿ ನಿಮ್ಮ ಮಗಳು