ಕಾರವಾರಕ್ಕೂ ಸೀಪ್ಲೇನ್ ಬರಲಿ

ಮಾನ್ಯರೇ,

ಹೋದ ಬೇಸಿಗೆಯಲ್ಲಿ ಮಗಳ ಮನೆಗೆಂದು ಕೆನಡಾದ ವ್ಯಾಂಕೂವರ್‌ಗೆ ಹೋಗಿದ್ದೆವು. ಕಾರು, ಗೈಡ್ ಗೊತ್ತು ಮಾಡಿಕೊಂಡು ಸ್ಟ್ಯಾನ್ಲಿ ಪಾರ್ಕ್ ಸುತ್ತಿದೆವು. ಆಮೇಲೆ ಕೋಲ್ ಹಾರ್ಬರ್‌ನಲ್ಲಿ ಸೀಪ್ಲೇನ್ ಹತ್ತಿದೆವು. ರನ್‌ವೇ ಇಲ್ಲ, ನೀರೇ ದಾರಿ. ವಿಮಾನ ಓಡತೊಡಗಿದಾಗ ಕಿಟಕಿಗೆ ಹನಿ ಸಿಡಿದವು. ನನ್ನ ಹೆಂಡತಿ ಕಣ್ಣು ಮುಚ್ಚಿ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು. ಕಣ್ಣು ಬಿಟ್ಟಾಗ ಲಯನ್ಸ್ ಗೇಟ್ ಸೇತುವೆ ಕೆಳಗೆ ದಾರದ ಹಾಗೆ ಕಂಡಿತು.

ಆಗ ನೆನಪಾಗಿದ್ದು ನಮ್ಮ ಕಾರವಾರ. ಹುಬ್ಬಳ್ಳಿಯಿಂದ ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳಿದು ಹೋಗಲು ನಾಲ್ಕು ತಾಸು ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಕಾಳಿ ನದಿ ಸಮುದ್ರ ಸೇರುವ ಜಾಗ, ದೇವಬಾಗ, ಕೂರ್ಮಗಡ ಮೇಲಿನಿಂದ ಎಷ್ಟು ಚಂದ ಕಾಣಬಹುದು ಅಲ್ವಾ?

ಕೇರಳದವರು 2024ರ ನವೆಂಬರ್‌ನಲ್ಲಿ ಕೊಚ್ಚಿಯಿಂದ ಮಾಟ್ಟುಪೆಟ್ಟಿ ಜಲಾಶಯಕ್ಕೆ ಸೀಪ್ಲೇನ್ ಹಾರಿಸಿ ನೋಡಿದ್ದಾರೆ. ಆದರೆ ಸುಮ್ನೆ ಉದ್ಘಾಟನೆ ಮಾಡಿ ಕೈಬಿಡುವುದು ಬೇಡ. ಸಾಬರಮತಿಯಲ್ಲಿ 2020ರಲ್ಲಿ ಶುರುವಾದ ಸೇವೆ ಮರುವರ್ಷವೇ ನಿಂತಿತು. ಕಾರವಾರದಲ್ಲಿ ನೌಕಾನೆಲೆಯೂ ಇದೆ, ಅವರ ಒಪ್ಪಿಗೆ ಬೇಕು. ಅದಕ್ಕೂ ಮೊದಲು ಸರ್ಕಾರ ಮೀನುಗಾರರ ಜೊತೆ ಕೂತು ಮಾತಾಡಲಿ. ಅವರ ಬಲೆ, ದೋಣಿಗೆ ತೊಂದರೆಯಾಗದ ನೀರಿನ ಜಾಗವನ್ನು ಅವರೇ ತೋರಿಸುತ್ತಾರೆ.

– ಒಬ್ಬ ಓದುಗ, ವಿದ್ಯಾನಗರ, ಹುಬ್ಬಳ್ಳಿ