ಎಂಟು ಕೋಲು ಯಾಕೆ ಅಂತ ಕೇಳಿದೆಯಲ್ಲ, ಮಂಜು

ಪ್ರೀತಿಯ ಮಂಜು,

ಹಳೇ ಬೋಟ್ ತಗೊಂಡ ಸುದ್ದಿ ಕೇಳಿ ತುಂಬಾ ಖುಷಿಯಾಯಿತು. ಅಲಬಾಮಾದ ಹಂಟ್ಸ್‌ವಿಲ್‌ಗೆ ಬಂದ ಮೇಲೆ ನೀರಿನ ಹತ್ತಿರ ಹೋಗಲೇ ಇಲ್ಲ ಅಂತ ಪ್ರತಿ ಸಲ ಫೋನಿನಲ್ಲಿ ಹೇಳುತ್ತಿದ್ದೆ. ಈಗ ಆ ಕೊರಗು ತೀರಿತು. ಫೋಟೋ ನೋಡಿದೆ. ಅಗಲವಾದ ತಳ, ಮುಂದೆ ಇಬ್ಬರು ಪಕ್ಕಪಕ್ಕ ಕೂರುವಷ್ಟು ಜಾಗ, ಮೂತಿಯಲ್ಲಿ ಬೋಟನ್ನು ಸದ್ದಿಲ್ಲದೆ ನಿಧಾನಕ್ಕೆ ನಡೆಸುವ ಬ್ಯಾಟರಿಯ ಟ್ರೋಲಿಂಗ್ ಮೋಟರ್. ಇಲ್ಲಿನ ಕೆರೆಗಳ ಕ್ರಾಪಿ ಮೀನು ಹಿಡಿಯೋಕೆ ಇದಕ್ಕಿಂತ ಜಾಸ್ತಿ ಬೇಕಿಲ್ಲ.

ನಾನು ಕಳಿಸಿದ ಫೋಟೋಗೆ ನೀನು ಬರೆದ ಮಾತು ಮನಸ್ಸಿನಲ್ಲೇ ಉಳಿದಿದೆ. "ಇಬ್ಬರು ಕೂತು ಎಂಟು ಕೋಲು ಚಾಚಿದ್ದೀರಲ್ಲ ಮಾರಾಯ, ಇದು ಗಾಳ ಹಾಕೋದಾ, ಬಲೆ ಬೀಸೋದಾ? ಸ್ವಲ್ಪ ದುರಾಸೆ ಅನ್ನಿಸಲ್ವಾ?" ಇದಕ್ಕೆ ಎರಡು ಸಾಲಿನಲ್ಲಿ ಉತ್ತರ ಕೊಡೋಕೆ ಆಗಲಿಲ್ಲ. ಅದಕ್ಕೇ ಈ ಪತ್ರ. ಟೆನ್ನೆಸ್ಸಿ, ಅಲಬಾಮಾ, ಜಾರ್ಜಿಯಾ ಕಡೆ ಇರುವ ನಮ್ಮವರಿಗೂ ಉಪಯೋಗವಾಗಲಿ ಅಂತ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ.

ಮೊದಲು ಮೀನನ್ನು ತಿಳಿದುಕೋ. ಕ್ರಾಪಿಯಲ್ಲಿ ಎರಡು ಜಾತಿ. ಬಿಳಿ ಕ್ರಾಪಿಗೆ ಮೈಮೇಲೆ ಬೆನ್ನಿನಿಂದ ಕೆಳಕ್ಕೆ ಪಟ್ಟೆ ಇಳಿದಿರುತ್ತವೆ, ಕದಡಿದ ನೀರಿಗೂ ಒಗ್ಗುತ್ತದೆ. ಕಪ್ಪು ಕ್ರಾಪಿಗೆ ಚುಕ್ಕೆ ಚದುರಿದ ಹಾಗಿರುತ್ತದೆ, ತಿಳಿ ನೀರು ಇಷ್ಟ. ಅನುಮಾನ ಬಂದರೆ ಬೆನ್ನಿನ ರೆಕ್ಕೆಯ ಗಟ್ಟಿ ಮುಳ್ಳು ಎಣಿಸು. ಬಿಳಿಯದಕ್ಕೆ ಸಾಮಾನ್ಯವಾಗಿ ಆರು, ಕಪ್ಪಿನದಕ್ಕೆ ಏಳೋ ಎಂಟೋ. ಒಂದು ಪೌಂಡ್ ತೂಗಿದರೆ ಒಳ್ಳೇ ಮೀನು, ಎರಡು ಪೌಂಡ್ ಅಂದರೆ ಅವತ್ತು ಹಬ್ಬ. ಬಿಳಿ ಕ್ರಾಪಿಯ ವಿಶ್ವ ದಾಖಲೆ 5 ಪೌಂಡ್ 3 ಔನ್ಸ್. 1957ರಲ್ಲಿ ಮಿಸಿಸಿಪ್ಪಿಯ ಎನಿಡ್ ಅಣೆಕಟ್ಟಿನ ಹತ್ತಿರ ಸಿಕ್ಕಿದ್ದು. ನಾನು ಮೆಂಫಿಸ್‌ನಿಂದ ಗ್ರೆನಾಡಾಗೆ ಹೋಗುವ ದಾರಿಯಲ್ಲೇ ಆ ಕೆರೆ ಸಿಗುತ್ತದೆ.

ಈ ಮೀನಿನ ಎರಡು ಗುಣ ನೆನಪಿಟ್ಟುಕೋ. ಒಂದು, ಇದು ಗುಂಪಿನಲ್ಲಿರುತ್ತದೆ. ಆ ಗುಂಪು ಎಷ್ಟೋ ಸಲ ತಳದಲ್ಲೂ ಇರುವುದಿಲ್ಲ, ಮೇಲೂ ಇರುವುದಿಲ್ಲ. ನಡುನೀರಿನಲ್ಲಿ ಒಂದೇ ಆಳಕ್ಕೆ ತೇಲಿಕೊಂಡು ನಿಂತಿರುತ್ತದೆ. ಎರಡು, ಇದರ ಕಣ್ಣು ದೊಡ್ಡದು, ಮೇಲಕ್ಕೇ ಜಾಸ್ತಿ ನೋಡುತ್ತದೆ. ತಲೆಯ ಮೇಲೆ ಬಂದ ಆಹಾರಕ್ಕೆ ಎದ್ದು ಹೋಗುತ್ತದೆ, ಕೆಳಗಿರುವುದಕ್ಕೆ ಇಳಿಯುವುದು ಕಡಿಮೆ. ಮೀನು ಒಂಬತ್ತು ಅಡಿಯಲ್ಲಿದ್ದರೆ ಎಂಟು ಅಡಿಯ ಗಾಳಕ್ಕೆ ಕಚ್ಚುತ್ತದೆ. ಹನ್ನೊಂದು ಅಡಿಗೆ ಬಿಟ್ಟೆಯೋ, ಬೆಳಗಿನಿಂದ ಸಂಜೆವರೆಗೆ ಕೂತರೂ ಕೋಲು ಅಲುಗದೇ ಇರಬಹುದು. ಮೀನು ಅಲ್ಲೇ ಇರುತ್ತದೆ, ಮಂಜು. ಆಳ ತಪ್ಪಿರುತ್ತದೆ ಅಷ್ಟೇ.

ಈಗ ನಿನ್ನ ಹತ್ತಿರದ ವೈಸ್ ಕೆರೆ ತಗೋ. ಕೂಸಾ ನದಿಗೆ ಕಟ್ಟಿದ್ದು, 1961ರಿಂದ ಇದೆ, ಸುಮಾರು 30 ಸಾವಿರ ಎಕರೆ. ಅಷ್ಟು ನೀರಿನಲ್ಲಿ ಒಂದು ಗುಂಪು ಎಲ್ಲಿದೆ, ಎಷ್ಟು ಆಳದಲ್ಲಿದೆ, ಇವತ್ತು ಏನು ತಿನ್ನುತ್ತದೆ? ಒಂದೇ ಕೋಲಿನಲ್ಲಿ ಈ ಮೂರನ್ನೂ ಕೇಳಿ ತಿಳಿಯೋಕೆ ದಿನ ಸಾಲುವುದಿಲ್ಲ. ಎಂಟು ಕೋಲು ಇರುವುದು ಅದಕ್ಕೆ. ಮೊದಲ ಒಂದು ಗಂಟೆ ಹಿಡಿಯೋಕೆ ಅಲ್ಲ, ಹುಡುಕೋಕೆ. ಎರಡು ಕೋಲು ಆರು ಅಡಿಗೆ, ಎರಡು ಎಂಟಕ್ಕೆ, ಎರಡು ಹತ್ತಕ್ಕೆ, ಎರಡು ಹನ್ನೆರಡಕ್ಕೆ ಬಿಡು. ಕೆಲವಕ್ಕೆ ಎರೆಯಾಗಿ ಮಿನೋ ಅನ್ನುವ ಜೀವಂತ ಪುಟ್ಟ ಮೀನು, ಕೆಲವಕ್ಕೆ ಜಿಗ್, ಅಂದರೆ ಸೀಸದ ತಲೆಯ ನಕಲಿ ಎರೆ. ಎಂಟು ಅಡಿಯದ್ದು ಎರಡು ಸಲ ಬಗ್ಗಿತು ಅಂದರೆ ಉತ್ತರ ಸಿಕ್ಕಿತು. ಮಿಕ್ಕ ಕೋಲುಗಳನ್ನೂ ಆ ಆಳಕ್ಕೆ ತಾ. ಎಷ್ಟು ಮೀನು ಮನೆಗೆ ತರಬಹುದು ಅನ್ನುವುದನ್ನು ಕಾನೂನು ಮೊದಲೇ ಹೇಳಿದೆ. ಕೋಲು ಜಾಸ್ತಿಯಾದರೆ ಆ ಲೆಕ್ಕವೇನೂ ಜಾಸ್ತಿಯಾಗುವುದಿಲ್ಲ. ಒಬ್ಬರಿಗೆ ಎಷ್ಟು ಕೋಲು ಅನ್ನುವುದೂ ರಾಜ್ಯಕ್ಕೊಂದು, ಕೆರೆಗೊಂದು ನಿಯಮ. ಲೈಸೆನ್ಸ್ ತಗೊಳ್ಳುವಾಗಲೇ ಅದನ್ನೂ ಓದಿಕೋ.

ಜೋಡಿಸುವುದು ಕಷ್ಟವಲ್ಲ. ಮೂತಿಯ ಎರಡೂ ಪಕ್ಕ ಕೋಲು ಸಿಕ್ಕಿಸುವ ಕಬ್ಬಿಣದ ಹಿಡಿಕೆಗಳು, ಒಂದೊಂದರಲ್ಲಿ ನಾಲ್ಕು ಕೋಲು, ಬೀಸಣಿಗೆ ಬಿಚ್ಚಿದ ರೀತಿ. ಹಿಡಿಕೆಗೆ ಮಾತ್ರ ದುಡ್ಡು ಉಳಿಸಬೇಡ. ಅಲ್ಲಾಡುವ ಹಿಡಿಕೆಯಲ್ಲಿ ಸಣ್ಣ ಕಚ್ಚುವಿಕೆ ಗೊತ್ತೇ ಆಗುವುದಿಲ್ಲ. ಕೋಲು 14 ಅಥವಾ 16 ಅಡಿ. ಎಲ್ಲ ಒಂದೇ ಉದ್ದ, ಒಂದೇ ಕಂಪನಿಯವು ಇರಲಿ. ಆಗ ಬೇರೆ ಥರ ಬಗ್ಗಿದ ಕೋಲು ತಕ್ಷಣ ಕಣ್ಣಿಗೆ ಬೀಳುತ್ತದೆ. ಉದ್ದ ಯಾಕೆ ಅಂದರೆ ಬೋಟಿನ ನೆರಳು, ಸದ್ದು ಮೀನಿಗೆ ತಲುಪುವ ಮುಂಚೆ ಗಾಳ ತಲುಪಬೇಕು. ಆಳವಿಲ್ಲದ ನೀರಿನಲ್ಲಿ ಇದು ಬಹಳ ಮುಖ್ಯ. ಈ ಊರಿನ ಹಿರಿಯರು ಇದನ್ನೆಲ್ಲ ಬಿದಿರಿನ ಕೋಲಿನಲ್ಲೇ ಮಾಡುತ್ತಿದ್ದರಂತೆ. ಅದನ್ನು ಕೇಳಿದಾಗ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ನಾವು ಕಡಿದು ತರುತ್ತಿದ್ದ ಬಿದಿರು ನೆನಪಾಯಿತು.

ದಾರಕ್ಕೆ ಎರಡು ಗಾಳ ಕಟ್ಟುತ್ತೇವೆ. ಟೆನ್ನೆಸ್ಸಿಯ ರಾನಿ ಕ್ಯಾಪ್ಸ್, ಸ್ಟೀವ್ ಕೋಲ್ಮನ್ ಅಂತ ಒಂದು ಜೋಡಿ ಕ್ರಾಪಿ ಪಂದ್ಯಗಳಲ್ಲಿ ಹೆಸರು ಮಾಡಿದವರು. ಹೀಗೆ ಕಟ್ಟುವ ರೀತಿಗೆ ಅವರದೇ ಹೆಸರಿದೆ. ಮುಖ್ಯ ದಾರದ ತುದಿಗೆ ಮೂರು ಕಣ್ಣಿನ ಸ್ವಿವೆಲ್, ಅಂದರೆ ದಾರ ಸುತ್ತಿಕೊಳ್ಳದ ಹಾಗೆ ತಿರುಗುವ ಲೋಹದ ಕೊಂಡಿ. ಒಂದು ಕಣ್ಣಿಗೆ ಗಿಡ್ಡ ದಾರ, ಅದರಲ್ಲಿ ಮೇಲಿನ ಗಾಳ. ಇನ್ನೊಂದು ಕಣ್ಣಿನಿಂದ ಕೆಳಗಿಳಿಯುವ ದಾರದ ಮಧ್ಯೆ ಅರ್ಧ ಔನ್ಸಿನ ಸೀಸದ ಗುಂಡು, ತುದಿಗೆ ಕೆಳಗಿನ ಗಾಳ. ಗುಂಡಿನ ತೂತಿನಲ್ಲಿ ದಾರವನ್ನು ಮೂರು ನಾಲ್ಕು ಸಲ ಸುತ್ತಿ ತೆಗೆದರೆ ಅದು ಜಾರದೆ ನಿಂತಲ್ಲೇ ನಿಲ್ಲುತ್ತದೆ. ಗಾಳ ತೆಳ್ಳಗಿನ ತಂತಿಯದ್ದೇ ಇರಲಿ. ನೀರೊಳಗಿನ ಬೊಡ್ಡೆಗೆ ಸಿಕ್ಕಿಕೊಂಡರೆ ಎಳೆದಾಗ ಅದು ನೇರವಾಗಿ ಬಿಡಿಸಿಕೊಳ್ಳುತ್ತದೆ, ದಾರ ಹರಿಯುವುದಿಲ್ಲ. ಬೆರಳಿನಲ್ಲಿ ಮತ್ತೆ ಬಗ್ಗಿಸಿದರೆ ಆಯಿತು.

ಇನ್ನು ಅಸಲಿ ವಿಷಯ. ನನಗೆ ಇದನ್ನು ಕಲಿಸಿದವರು ನನ್ನ ಆಫೀಸಿನಿಂದ ರಿಟೈರ್ ಆದ ಒಬ್ಬ ಹಿರಿಯರು. ಹುಟ್ಟಿ ಬೆಳೆದದ್ದೆಲ್ಲ ಮಿಸಿಸಿಪ್ಪಿಯಲ್ಲಿ. ಮೊದಲ ದಿನ ಅವರು ನನಗೆ ಕೋಲು ಮುಟ್ಟೋಕೆ ಬಿಡಲಿಲ್ಲ. ಮೋಟರಿನ ಪೆಡಲ್ ಮೇಲೆ ಕಾಲಿಡಿಸಿ, "ಬೋಟ್ ನಡೆಸುವುದನ್ನು ಕಲಿ, ಮಿಕ್ಕಿದ್ದು ಮೀನು ಕಲಿಸುತ್ತದೆ" ಅಂದರು. ಆ ಮಾತು ಎಷ್ಟು ಸರಿ ಅಂತ ಈಗ ಪ್ರತಿ ಸಲ ಅನ್ನಿಸುತ್ತದೆ.

ವೇಗ ಗಂಟೆಗೆ ಅರ್ಧ ಮೈಲಿ. ಅಂದರೆ ಸೆಕೆಂಡಿಗೆ ಮುಕ್ಕಾಲು ಅಡಿ. ನೀರು ತಣ್ಣಗಿದ್ದಾಗ ಅದಕ್ಕಿಂತಲೂ ನಿಧಾನ. ನೋಡುವವರಿಗೆ ಬೋಟ್ ನಿಂತಿದೆ ಅನ್ನಿಸಬೇಕು. ದಾರ ಕೋಲಿನ ತುದಿಯಿಂದ ನೇರ ಕೆಳಗೆ ಇಳಿದಿರಬೇಕು. ಹಿಂದಕ್ಕೆ ಓರೆಯಾಯಿತು ಅಂದರೆ ಜೋರಾಗಿ ಹೋಗುತ್ತಿದ್ದೀಯ, ಗಾಳ ಮೇಲೆದ್ದಿದೆ. ಹತ್ತು ಅಡಿ ಅಂದುಕೊಂಡಿದ್ದು ಎಂಟಾಗಿರುತ್ತದೆ. ನಿಲ್ಲಿಸಿಬಿಟ್ಟರೆ ಗಾಳ ಪೂರ್ತಿ ಇಳಿದು ಬೊಡ್ಡೆಗಳಿಗೆ ಸಿಕ್ಕಿಕೊಳ್ಳುತ್ತದೆ. ಮೀನು ಬಿದ್ದ ಗಡಿಬಿಡಿಯಲ್ಲೂ ಕಾಲು ಪೆಡಲ್ ಬಿಡಬಾರದು. ಒಬ್ಬರು ಮೀನು ಎತ್ತಲಿ, ಇನ್ನೊಬ್ಬರು ಉದ್ದ ಹಿಡಿಯ ಬಲೆ ಹಿಡಿಯಲಿ, ಬೋಟ್ ಅದೇ ನಡಿಗೆಯಲ್ಲಿ ಹೋಗುತ್ತಿರಲಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತಿರುವು. ಬೋಟನ್ನು ನಿಧಾನಕ್ಕೆ ಎಡಕ್ಕೆ ತಿರುಗಿಸಿದೆ ಅಂದುಕೋ. ಎಡಗಡೆಯ ಕೋಲುಗಳು ಕಡಿಮೆ ದೂರ ಹೋಗುತ್ತವೆ, ಅವುಗಳ ಗಾಳ ನಿಧಾನವಾಗಿ ಕೆಳಗಿಳಿಯುತ್ತದೆ. ಬಲಗಡೆಯವು ದೊಡ್ಡ ಸುತ್ತು ಹಾಕಬೇಕು, ವೇಗ ಹೆಚ್ಚಿ ಗಾಳ ಮೇಲೇಳುತ್ತದೆ. ಆ ತಿರುವಿನಲ್ಲಿ ಬಲಗಡೆ ಕಚ್ಚಿದರೆ ಮೀನಿಗೆ ಸ್ವಲ್ಪ ವೇಗ ಬೇಕು, ಇಲ್ಲಾ ಸ್ವಲ್ಪ ಮೇಲೆ ಬೇಕು. ಎಡಗಡೆ ಕಚ್ಚಿದರೆ ನಿಧಾನ ಮಾಡು, ಇಲ್ಲಾ ದಾರ ಇನ್ನಷ್ಟು ಬಿಡು. ಬೋಟು ಒಂದೇ ಇದ್ದರೂ ಅದೇ ಹೊತ್ತಿಗೆ ನಾಲ್ಕೈದು ವೇಗವನ್ನು ಪರೀಕ್ಷೆ ಮಾಡುತ್ತಿರುತ್ತೀಯ. ನೇರ ಗೆರೆಯಲ್ಲಿ ಹೋಗುವವರಿಗೆ ಇದು ಸಿಗುವುದಿಲ್ಲ. ಏನೂ ಕಚ್ಚದ ಹೊತ್ತಿನಲ್ಲಿ ಸುಮ್ನೆ ಹಾವಿನ ನಡೆಯಲ್ಲಿ ಹೋಗು, ಆದರೆ ತಿರುವು ದೊಡ್ಡದಾಗಿರಲಿ. ಗಕ್ಕನೆ ತಿರುಗಿಸಿದರೆ ಹದಿನಾರು ಗಾಳವೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ.

ಕಣ್ಣು ಕೋಲಿನ ತುದಿಗಳ ಮೇಲೆ ಇರಬೇಕು. ಪಂಕ್ತಿಯಲ್ಲಿ ಬಡಿಸುವವನು ಎಲ್ಲ ಎಲೆಗಳನ್ನೂ ಒಟ್ಟಿಗೆ ನೋಡುತ್ತಾನಲ್ಲ, ಹಾಗೆ. ತುದಿ ಕೆಳಕ್ಕೆ ಬಗ್ಗಿದರೆ ಯಾರಿಗಾದರೂ ಗೊತ್ತಾಗುತ್ತದೆ. ಗೊತ್ತಾಗದೆ ಹೋಗುವುದು ಇನ್ನೊಂದು ರೀತಿ. ಕ್ರಾಪಿ ಕೆಳಗಿನಿಂದ ಬಂದು ಗಾಳ ಕಚ್ಚಿ ಮೇಲಕ್ಕೆ ಹೋಗುತ್ತದೆ. ಸೀಸದ ಭಾರವನ್ನು ಮೀನೇ ಹೊತ್ತುಕೊಳ್ಳುವುದರಿಂದ ಬಗ್ಗಿದ್ದ ತುದಿ ನೆಟ್ಟಗಾಗುತ್ತದೆ, ದಾರ ಸಡಿಲವಾಗುತ್ತದೆ. ಒಳ್ಳೊಳ್ಳೆಯ ಮೀನುಗಳು ಎಷ್ಟೋ ಸಲ ಹೀಗೇ ಕಚ್ಚುತ್ತವೆ. ಆಗ ಜೋರಾಗಿ ಎಳೆಯಬೇಡ. ಇದರ ಬಾಯಿಯ ಚರ್ಮ ತೆಳ್ಳಗೆ, ಹರಿದು ಹೋಗುತ್ತದೆ. ಕೋಲನ್ನು ಹಿಡಿಕೆಯಿಂದ ಮೆಲ್ಲಗೆ ಎತ್ತು, ಬಿಗಿ ಬಿಡದೆ ಬಲೆಯ ಕಡೆಗೆ ತಾ.

ಗಾಳಿಗೆ ಎದುರಾಗಿಯೇ ಹೋಗು. ಹಿಂದಿನಿಂದ ಗಾಳಿ ತಳ್ಳಿದರೆ ವೇಗ ನಿನ್ನ ಕೈಯಲ್ಲಿ ಇರುವುದಿಲ್ಲ. ಹಾಗೆ ಹೋಗಲೇಬೇಕಾದರೆ ಹಿಂಭಾಗದಿಂದ ಒಂದಷ್ಟು ಉದ್ದ ಕಬ್ಬಿಣದ ಸರಪಳಿ ಇಳಿಬಿಡುತ್ತಾರೆ, ಬೋಟ್ ಭಾರವಾಗಿ ತಡೆಯುತ್ತದೆ. ಲೈಫ್ ಜಾಕೆಟ್ ಹಾಕಿಕೊಂಡೇ ಇರು. ಮಾರ್ಚ್ ತಿಂಗಳ ನೀರು ಎಂಥ ಈಜುಗಾರನಿಗೂ ಅಪಾಯ.

ಯಾವಾಗ, ಎಲ್ಲಿ ಅಂತ ಕೇಳುತ್ತೀಯ. ಉತ್ತರ ಮಿಸಿಸಿಪ್ಪಿಯಲ್ಲಿ ಸಾರ್ಡಿಸ್, ಅರ್ಕಾಬಟ್ಲಾ, ಎನಿಡ್, ಗ್ರೆನಾಡಾ ಅಂತ ನಾಲ್ಕು ಕೆರೆಗಳು. 1927ರ ಮಹಾಪ್ರವಾಹದ ನಂತರ ಡೆಲ್ಟಾ ಅನ್ನುವ ಇಲ್ಲಿನ ತಗ್ಗು ಬಯಲನ್ನು ಕಾಯೋಕೆ ಅಂತ ಅಮೆರಿಕ ಸೇನೆಯ ಎಂಜಿನಿಯರುಗಳು ಕಟ್ಟಿದವು. ಮೊದಲನೆಯದು 1940ರಲ್ಲಿ, ಕೊನೆಯದು 1954ರಲ್ಲಿ ಮುಗಿದವು. ವಸಂತದ ಮಳೆಗೆ ಜಾಗ ಇರಲಿ ಅಂತ ಚಳಿಗಾಲಕ್ಕೆ ನೀರು ಇಳಿಸುತ್ತಾರೆ. ಗ್ರೆನಾಡಾದಲ್ಲಿ ಇಪ್ಪತ್ತು ಅಡಿಗೂ ಜಾಸ್ತಿ ಇಳಿಯುತ್ತದೆ. ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಇಳಿದಾಗ ಮುಳುಗಿದ ಮರದ ಬೊಡ್ಡೆಗಳೆಲ್ಲ ಎದ್ದು ಕಾಣುತ್ತಿದ್ದವಲ್ಲ, ಅಂಥದ್ದೇ ನೋಟ. ಆಗಲೇ ಹೋಗಿ ಬೊಡ್ಡೆಗಳನ್ನು, ಹಳೇ ಹಳ್ಳದ ದಂಡೆಗಳನ್ನು ಗುರುತು ಮಾಡಿಕೊಂಡು ಬರುತ್ತೇನೆ. ವಸಂತದಲ್ಲಿ ನೀರು ಅವುಗಳ ಮೇಲೆ ನಿಂತಾಗ ಮೀನು ಅಲ್ಲೇ ಇರುತ್ತದೆ. ನೀರು 50 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಮೇಲೆ ಗುಂಪುಗಳು ಆಳದಿಂದ ದಡದ ಕಡೆ ಹೊರಡುತ್ತವೆ. 60 ದಾಟಿದರೆ ಮೊಟ್ಟೆ ಇಡುವ ಕಾಲ, ಗಂಡು ಮೀನು ಕಪ್ಪಾಗುತ್ತದೆ. ಈ ನಡುವಿನ ವಾರಗಳೇ ನಮ್ಮ ಎಂಟು ಕೋಲಿನ ಕಾಲ.

ಈಗ ಎಲ್ಲರೂ ಲೈವ್‌ಸ್ಕೋಪ್ ಹಿಂದೆ ಬಿದ್ದಿದ್ದಾರೆ. 2018ರಲ್ಲಿ ಬಂದ ಸೋನಾರ್. ಮೀನು ಈಜುವುದನ್ನು ಪರದೆಯಲ್ಲೇ ನೋಡುತ್ತಾ, ಒಂದೇ ಕೋಲಿನಲ್ಲಿ ಅದರ ಮೂತಿಯ ಮುಂದೆ ಗಾಳ ಇಳಿಸುತ್ತಾರೆ. ನೀನೂ ಅದನ್ನೇ ತಗೊಳ್ಳಲಾ ಅಂತ ಕೇಳಿದ್ದೀಯ. ಮೊದಲ ವರ್ಷ ಬೇಡ. ಬೆಲೆ ಒಂದೇ ಕಾರಣವಲ್ಲ. ಪರದೆ ನೋಡುವವನು ಪರದೆಯನ್ನೇ ನೋಡುತ್ತಾನೆ. ಗಾಳಿ ತಿರುಗಿದ್ದು, ನೀರಿನ ಬಣ್ಣ ಬದಲಾದದ್ದು, ಮೋಡ ಬಂದ ಕೂಡಲೇ ಮೀನು ಎರಡು ಅಡಿ ಮೇಲೆ ಬಂದದ್ದು, ಇದನ್ನೆಲ್ಲ ನನಗೆ ಕಲಿಸಿದ್ದು ಕೋಲಿನ ತುದಿಗಳು. ಇದನ್ನು ಕಲಿತ ಮೇಲೆ ಯಾವ ಯಂತ್ರ ಬೇಕಾದರೂ ಸೇರಿಸಿಕೋ.

ದುರಾಸೆ ಅಂದೆಯಲ್ಲ, ಅದಕ್ಕೆ ಒಂದೇ ಮಾತು. ಕಾನೂನು ಹೇಳಿದ ಅಳತೆಗಿಂತ ಸಣ್ಣ ಮೀನನ್ನು ಒದ್ದೆ ಕೈಯಲ್ಲೇ ಹಿಡಿದು ತಕ್ಷಣ ವಾಪಸ್ ಬಿಡುತ್ತೇವೆ. ಮನೆಗೆ ಬೇಕಾದಷ್ಟು ಆಯಿತು ಅಂದರೆ ಕೋಲು ಎತ್ತಿಬಿಡುತ್ತೇವೆ. ಕ್ರಾಪಿ ಬಿಳಿ ಮಾಂಸದ ಮೀನು, ವಾಸನೆ ಕಡಿಮೆ. ಇಲ್ಲಿಯವರು ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿಯುತ್ತಾರೆ. ನಮ್ಮ ಮನೆಯಲ್ಲಿ ಹುಣಸೆಹುಳಿ, ಬ್ಯಾಡಗಿ ಖಾರ ಹಚ್ಚಿ ರವೆಯಲ್ಲಿ ಹುರಿಯುತ್ತೇವೆ. ಆ ಹಿರಿಯರೂ ಈಗ ರವೆ ಫ್ರೈ ಕೇಳಿ ತಿನ್ನುತ್ತಾರೆ.

ಮಾರ್ಚ್ ಎರಡನೇ ವಾರ ಬಾ. ನಿನ್ನ ಬೋಟ್ ಅಷ್ಟು ದೂರ ಎಳೆದು ತರುವುದು ಬೇಡ, ನನ್ನದೇ ಸಾಕು. ಮಿಸಿಸಿಪ್ಪಿಯ ಹೊರರಾಜ್ಯದವರ ಲೈಸೆನ್ಸ್ ಆನ್‌ಲೈನಿನಲ್ಲೇ ಸಿಗುತ್ತದೆ, ಮುಂಚೆಯೇ ಮಾಡಿಸಿಕೋ. ಹಿಂದಿನ ಗುರುವಾರ ಫೋನ್ ಮಾಡು. ಗಾಳಿ ಗಂಟೆಗೆ 10 ಮೈಲಿಗಿಂತ ಕಡಿಮೆ ಇದ್ದರೆ ಗ್ರೆನಾಡಾ, ಜಾಸ್ತಿ ಇದ್ದರೆ ಎನಿಡ್‌ನಲ್ಲಿ ಗಾಳಿ ತಾಗದ ಒಂದು ಕೊಲ್ಲಿ ನನಗೆ ಗೊತ್ತು. ಮಿನೋ ಮೀನು, ಐಸ್, ತಿಂಡಿ ಎಲ್ಲ ನಾನು ನೋಡಿಕೊಳ್ಳುತ್ತೇನೆ. ಪೆಡಲ್ ಮಾತ್ರ ಬೆಳಗಿನಿಂದಲೇ ನಿನ್ನ ಕಾಲ ಕೆಳಗೆ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಶ್ರೀಧರ
ಮೆಂಫಿಸ್