ಬೆಲ್‌ಫಾಸ್ಟ್‌ಗೆ ಹೊರಟ ಮಗಳಿಗೆ

ಮಗಳೇ,

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ನೀನು ಸೇರಲಿರುವ ಓಣಿ ಸಂಸ್ಥೆಯ ಮಾತು ಬಂದು, ನಿನ್ನೆ ಊಟ ಅರ್ಧಕ್ಕೇ ಬಿಟ್ಟು ಎದ್ದು ಹೋದೆ. ನಾಳೆ ಹೈದರಾಬಾದ್ ದಾರಿಯಲ್ಲಿ ಅದೇ ಮಾತು ಎತ್ತಿದರೆ ಮತ್ತೆ ಜಗಳವಾಗುತ್ತದೆ. ಅದಕ್ಕೇ ಬರೆದು ನಿನ್ನ ಚೀಲದಲ್ಲಿ ಇಡುತ್ತಿದ್ದೇನೆ.

‘ಬಂದೂಕು ಹಿಡಿದಿದ್ದವರೇ ಅಲ್ಲಿ ಹುಡುಗರನ್ನು ತಿದ್ದುತ್ತಿದ್ದಾರೆ ಅವ್ವಾ, ಬೇರೆ ಯಾರ ಮಾತನ್ನೂ ಅವರು ಕೇಳುವುದಿಲ್ಲ’ ಎಂದೆ. ಅದು ಸುಳ್ಳಲ್ಲ. ಅಲ್ಲಿನ ಕ್ಯಾಥೊಲಿಕ್-ಪ್ರೊಟೆಸ್ಟೆಂಟ್ ಹೊಡೆದಾಟಕ್ಕೆ ತೆರೆ ಎಳೆದ 1998ರ ಗುಡ್ ಫ್ರೈಡೇ ಒಪ್ಪಂದದ ನಂತರ ಬಿಡುಗಡೆಯಾದ ಬಂದೂಕು ಗುಂಪುಗಳ ಕೈದಿಗಳಲ್ಲಿ ಹಲವರು ಓಣಿಯ ಸಂಘಟನೆಗಳನ್ನು ಸೇರಿದರು. ಎರಡೂ ಕಡೆಯ ಓಣಿಗಳ ನಡುವೆ ಎಬ್ಬಿಸಿದ ಶಾಂತಿಗೋಡೆಗಳ ಬಳಿ ಕಲ್ಲು ತೂರಲು ನಿಂತ ಹುಡುಗರನ್ನು ಮನೆಗೆ ಅಟ್ಟಿದರು. ಕದ್ದವನ ಮಂಡಿಗೆ ಗುಂಡು ಹೊಡೆಯುವ ಬದಲು, ಕೂರಿಸಿ ರಾಜಿ ಮಾಡಿಸುವ ಪದ್ಧತಿಯೂ ಬಂತು. ಅಂಥ ಕೆಲಸಕ್ಕೆ ನನ್ನ ಮಗಳು ಹೊರಟಿದ್ದಾಳೆ ಎಂದು ಓಣಿಯವರ ಮುಂದೆಲ್ಲ ಹೇಳಿಕೊಂಡು ಬಂದಿದ್ದೇನೆ.

ಆದರೂ ಹೆದರಿಕೆ ಹೋಗುವುದಿಲ್ಲ. ನಿನ್ನ ಅಜ್ಜಿ ಹೇಳುತ್ತಿದ್ದ ಆ ಪಟ್ಟಿ ನನ್ನ ಕಣ್ಣ ಮುಂದೆ ಬರುತ್ತದೆ. ಅವರ ಊರಿನಲ್ಲಿ ಒಬ್ಬ ತರುಣನಿದ್ದ. ಎಲ್ಲ ಜಾತಿಯವರಿಗೂ ಅರ್ಜಿ ಬರೆದುಕೊಡುತ್ತಿದ್ದ. ನಿನ್ನ ಮುತ್ತಜ್ಜನ ತಗಾವಿ ಸಾಲದ ಅರ್ಜಿಯನ್ನೂ ಅವನೇ ಬರೆದದ್ದು, ದುಡ್ಡು ಮುಟ್ಟಿರಲಿಲ್ಲ. 1948ರ ಬೇಸಿಗೆಯಲ್ಲಿ, ನಿಜಾಮನ ಆಳ್ವಿಕೆ ಉಳಿಸಲು ಆಯುಧ ಹಿಡಿದಿದ್ದ ರಜಾಕಾರರು ವಂತಿಗೆ ಕೇಳಲು ಬಂದಾಗ ಹಿಡಿದಿದ್ದ ಕಾಗದವನ್ನು ಮುತ್ತಜ್ಜ ನೋಡಿದರು. ಉರ್ದು ಓದಲು ಬರುತ್ತಿತ್ತಲ್ಲ. ಯಾರ ಮನೆಯಲ್ಲಿ ಎಷ್ಟು ಜೋಳ, ಯಾರಿಗೆ ಎಷ್ಟು ಎತ್ತು, ಎಲ್ಲವೂ ಅದರಲ್ಲಿತ್ತು. ಅಕ್ಷರ ಆ ಹುಡುಗನದು. ಅರ್ಜಿ ಬರೆಯುವಾಗ ಕೇಳಿ ತಿಳಿದುಕೊಂಡದ್ದೇ ಪಟ್ಟಿಯಾಗಿತ್ತು. ಅವನು ಕೆಟ್ಟವನೆಂದು ಅಜ್ಜಿ ಒಮ್ಮೆಯೂ ಹೇಳಲಿಲ್ಲ. ಬರೆಯಲೇಬೇಕಾಯಿತೋ, ಇಷ್ಟಪಟ್ಟೇ ಬರೆದನೋ ಯಾರಿಗೆ ಗೊತ್ತು? ನಾನಂತೂ ಇಂದಿಗೂ ಆ ಹುಡುಗನನ್ನೇ ಯೋಚಿಸುತ್ತೇನೆ. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಲ್ಲಿ ಭಾರತದ ಸೇನೆ ಬಂದು ನಿಜಾಮ ಸೋತ ಮೇಲೆ ಜನ ಅವನ ಮನೆಗೆ ಬೆಂಕಿ ಇಟ್ಟರು. ಅವನ ತಾಯಿಯನ್ನು ಮುತ್ತಜ್ಜಿ ಜೋಳದ ಚೀಲಗಳ ಹಿಂದೆ ಅಡಗಿಸಿಟ್ಟಳು.

1927ರಲ್ಲಿ ಹುಟ್ಟಿದಾಗ ಹೈದರಾಬಾದಿನ ಮಜ್ಲಿಸ್ ಮುಸ್ಲಿಂ ಸಮುದಾಯದ ಏಳಿಗೆಯ ಸಂಸ್ಥೆ. ಕಾಸಿಂ ರಜ್ವಿಯ ಕೈಗೆ ಬಂದ ಮೇಲೆ ಅದೇ ರಜಾಕಾರರ ಪಡೆಯನ್ನು ಬೆಳೆಸಿತು. ನಮ್ಮ ಜಿಲ್ಲೆಯ ಗೋರ್ಟಾದಲ್ಲಿ ಹೆಣ ಬಿದ್ದವು. ಆಮೇಲೆ ಸೇಡಿನಲ್ಲಿ ಸತ್ತ ಮುಸ್ಲಿಮರೆಷ್ಟು ಎಂದು ನೆಹರೂ ಕಳಿಸಿದ ಸುಂದರಲಾಲ್ ಸಮಿತಿ ಹುಡುಕಿತು. ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬೀದರ್, ಗುಲ್ಬರ್ಗಾ ಎರಡನ್ನೂ ಹೆಸರಿಸಿತು. ಸೆಪ್ಟೆಂಬರ್ 17ರಂದು ಧ್ವಜ ಹಾರಿಸುವವರು ಗೋರ್ಟಾದ ಸಾವನ್ನು ಹೇಳುತ್ತಾರೆ, ಸೇಡಿನ ಸಾವನ್ನು ಹೇಳುವುದಿಲ್ಲ. ನೀನು ಎರಡನ್ನೂ ಹೇಳು.

ಬೆಲ್‌ಫಾಸ್ಟಿನಲ್ಲೂ ಓಣಿ ಕಾಯುವ ಗುಂಪುಗಳು ಕೂಡಿಯೇ 1971ರಲ್ಲಿ ಪ್ರೊಟೆಸ್ಟೆಂಟರ ಕಡೆಯ ಅಲ್ಸ್ಟರ್ ಡಿಫೆನ್ಸ್ ಅಸೋಸಿಯೇಷನ್ ಹುಟ್ಟಿತು. ಕೊಲೆಗಳನ್ನು ಇನ್ನೊಂದು ಹೆಸರಿನಲ್ಲಿ ಒಪ್ಪಿಕೊಳ್ಳುತ್ತ, 1992ರವರೆಗೆ ನಿಷೇಧವಿಲ್ಲದೆ ನಡೆಯಿತು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದ ಐಆರ್‌ಎ ಕಡೆಯ ಓಣಿಗಳಲ್ಲೂ ಪೊಲೀಸರ ಬದಲು ಶಿಕ್ಷೆ ಕೊಡುತ್ತಿದ್ದವರು ಬಂದೂಕಿನವರೇ. ಇವತ್ತಿಗೂ ಅಂಥ ಗುಂಪುಗಳು ಬಡ ಹೆಂಗಸರಿಗೆ ಸಾಲ ಕೊಟ್ಟು ಬೆದರಿಸಿ ವಸೂಲಿ ಮಾಡುತ್ತವೆ.

ಆದ್ದರಿಂದ ಕೇಳು. ಸಭೆಯಲ್ಲಿ ಯಾರು ಮಾತಾಡಿದರು ಎನ್ನುವುದಕ್ಕಿಂತ ಯಾರು ಬರಲಿಲ್ಲ ಎಂಬುದನ್ನು ನೋಡು. ಸರ್ಕಾರದ ಅನುದಾನಕ್ಕೆ ಯಾರ ಸಹಿ ಬೀಳುತ್ತದೆ, ಸಂಸ್ಥೆಗೆ ಬೇಡವೆನ್ನುವ ಧೈರ್ಯ ಓಣಿಯ ಅಂಗಡಿಯವನಿಗೆ ಇದೆಯೇ ಎಂದು ವಿಚಾರಿಸು. ಹೆಂಗಸರು ನಂಬಿ ಹೇಳಿದ ಮನೆಯ ಕಷ್ಟವನ್ನು, ಹೆಸರು ವಿಳಾಸವನ್ನು ಯಾವ ಕಡತದಲ್ಲಿ ಬರೆಯುತ್ತೀ, ಅದರ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಮೊದಲ ದಿನವೇ ಕೇಳು. ಉತ್ತರ ಕೊಡದಿದ್ದರೆ ಬರೆಯಬೇಡ. ಕೆಲಸ ಹೋದರೆ ಹೋಗಲಿ, ವಾಪಸ್ ಬರುವ ಟಿಕೆಟಿನ ದುಡ್ಡು ನಾನು ಕಳಿಸುತ್ತೇನೆ.

ಉಪನ್ಯಾಸವಾಯಿತೆಂದು ಗೊತ್ತು. ನಿನ್ನೆ ದನಿ ಏರಿಸಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ, ಹೇಳಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕೆಲಸಕ್ಕೆ ಸೇರಿದ ವಾರವೇ ಆ ಕಡತದ ವಿಷಯ ಏನಾಯಿತು ಎಂದು ನನಗೆ ಬರೆ.

ನಿನ್ನ ಅವ್ವ
ಬೀದರ್